ಅರವತ್ತರ ಸದ್ದು

ನಿನ್ನೆ ಗ್ಯಾರೇಜೊಂದರ ಮುಂದೆ ಬರುವಾಗ ಹಳೆಯ ಗೇರ್ ಆಯಿಲ್ ವಾಸನೆ ಮೂಗಿಗೆ ಬಡಿಯಿತು. ಗಂಧಕ ಸುಟ್ಟಂಥ ವಾಸನೆ. ಹಳೆಯ ತಪ್ಪೊಂದನ್ನು ನೆನಪಿಸುವ ವಾಸನೆ ನಿಮಗೂ ಒಂದು ಇದ್ದೀತು, ನನ್ನದು ಇದು.

ತೊಂಬತ್ತರ ದಶಕದ ಕೊನೆಯಲ್ಲಿ ಚಿಕ್ಕಪ್ಪ ತನ್ನ ಡೀಸೆಲ್ ಅಂಬಾಸಿಡರಿನಲ್ಲಿ ವಾರಕ್ಕೆರಡು ಸಲ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿ ನೇಕಾರರ ಮನೆಗಳಿಂದ ಸೀರೆ ತರುತ್ತಿದ್ದ. ಡೀಸೆಲ್ ಉಳಿಯಲೆಂದು ಮೆಕ್ಯಾನಿಕ್ ಖಲೀಲ್ ಸಾಬರ ಕೈಲಿ ಹಿಂದಿನ ಹೌಸಿಂಗ್ ಬಿಚ್ಚಿಸಿ, ಗೇರ್ ಆಯಿಲ್ ಸುರಿಸಿ, ಗಾಲಿ ತಿರುಗಿಸುವ ಹಲ್ಲುಚಕ್ರಗಳ ಜೋಡಿ ಕ್ರೌನ್ ಪಿನಿಯನ್ ಬದಲಾಯಿಸಿದ. ಹಲ್ಲಿನ ಲೆಕ್ಕ ಬದಲಾದರೆ ಇಂಜಿನ್ ಕಡಿಮೆ ತಿರುಗಿಯೂ ಗಾಲಿ ಹೆಚ್ಚು ತಿರುಗುತ್ತದೆ ಎಂದು ಸಾಬರು ನನಗೆ ಬಿಡಿಸಿ ಹೇಳಿದರು. ಮೀಟರು ಗಾಲಿಯಿಂದಲ್ಲ, ಗೇರ್ ಬಾಕ್ಸಿನಿಂದ ಓಡುವುದರಿಂದ ಇನ್ನು ವೇಗವನ್ನು ಕಮ್ಮಿ ತೋರಿಸುತ್ತದೆ, ಚಿಕ್ಕಪ್ಪನಿಗೆ ಹೇಳು ಎಂದೂ ಅಂದರಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ಆ ಮಾತು ನನಗೆ ನೆನಪಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಜಂಬದಲ್ಲಿ ಸುಮ್ಮನೆ ತಲೆಯಾಡಿಸಿರಬೇಕು.

ಚಿಕ್ಕಪ್ಪ ಕಿವಿಯಿಂದ ಗಾಡಿ ಓಡಿಸುವವನು. ಗಂಟೆಗೆ ಅರವತ್ತು ಕಿಲೋಮೀಟರಿಗೆ ಇಂಜಿನ್ ಒಂದು ಸದ್ದು ಮಾಡುತ್ತಿತ್ತು; ಅದು ಬರುವವರೆಗೆ ಆಕ್ಸಿಲರೇಟರ್ ಒತ್ತುತ್ತಿದ್ದ. ಹೊಸ ಹಲ್ಲು ಹಾಕಿಸಿದ ಮೇಲೆ ನಾನೂ ಅವ್ವನೂ ಜೊತೆಗೆ ಹೊರಟ ದಿನವೂ ಅದೇ ಸದ್ದು ಬರುವವರೆಗೆ ಒತ್ತಿದ. ಮೀಟರಿನ ಮುಳ್ಳೂ ಅರವತ್ತು ಎಂದೇ ತೋರಿಸಿತು. ಆದರೆ ಹೊರಗೆ ಜಾಲಿಗಿಡಗಳು ತೀರ ಬೇಗ ಹಿಂದೆ ಸರಿಯುತ್ತಿದ್ದವು. ಕಿಲೋಮೀಟರ್ ಕಲ್ಲುಗಳ ನಡುವೆ ಕೈಗಡಿಯಾರ ನೋಡಿದೆ. ಒಂದು ನಿಮಿಷವಾಗಬೇಕಿತ್ತು, ನಲವತ್ತೆಂಟೇ ಸೆಕೆಂಡು. ಮತ್ತೆ ನೋಡಿದೆ, ಮತ್ತೆ ಅಷ್ಟೇ. ಅಂದರೆ ಎಪ್ಪತ್ತೈದು. ಹೇಳಿದರೆ ಚಿಕ್ಕಪ್ಪ ಪುಸ್ತಕದ ಹುಳು ಎಂದು ನಗುತ್ತಾನೆ, ಕಲ್ಲುಗಳನ್ನೇ ಸರಿಯಾಗಿ ನೆಟ್ಟಿಲ್ಲವೇನೋ ಎಂದೆಲ್ಲ ನೆಪ ಹುಡುಕಿಕೊಂಡೆ. ಹಿಂದಿನ ಸೀಟಿನಲ್ಲಿ ಅವ್ವ ನಿದ್ದೆಹೋಗಿದ್ದಳು.

ತಿರುವಿನಾಚೆ ರಸ್ತೆ ತುಂಬ ಕುರಿ. ಚಿಕ್ಕಪ್ಪ ಎಂದಿನಂತೆ ಮೊದಲು ಕಾಲು ತೆಗೆದ. ಹಿಂದಾದರೆ ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತಿತ್ತು, ಹಲ್ಲು ಬದಲಾದ ಮೇಲೆ ಈಗ ಅಷ್ಟು ಹಿಡಿಯಲಿಲ್ಲ. ಬ್ರೇಕ್ ತುಳಿದ ಮೇಲೆ ಗಾಡಿ ಅಡ್ಡಡ್ಡ ಜಾರಿ, ಕುರಿ ಕಾಯುವವನ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು. ಅವನ ಹೆಗಲ ಮೇಲೊಂದು ಮರಿಯಿತ್ತು. ಅವನು ಬಾನೆಟ್ಟಿನ ಮೇಲೆ ಅಂಗೈ ಊರಿ ಒಳಗೆ ಬಗ್ಗಿ ನೋಡಿದ.

“ಏಮಪ್ಪಾ, ಹಿಂಗಾ ಬರೋದು?”

“ಅರವತ್ತರಾಗೇ ಬಂದೆ ಕಣಪ್ಪಾ,” ಎಂದ ಚಿಕ್ಕಪ್ಪ. ಸುಳ್ಳು ಹೇಳುವವನ ದನಿ ಅದಲ್ಲ.

“ನಿನ್ ಅರವತ್ತು ನಂಗೆ ತಿಳಿಯಾಕಿಲ್ಲ. ಕುರಿ ಸರಿಯೋಕೆ ಟೈಮ್ ಸಿಗ್ಲಿಲ್ಲ, ಅಷ್ಟೇ.”

ಆಗಲೂ ನಾನು ತುಟಿ ಬಿಚ್ಚಲಿಲ್ಲ. ಮರುದಿನ ಖಲೀಲ್ ಸಾಬರೇ ಚಿಕ್ಕಪ್ಪನಿಗೆ ಮೀಟರಿನ ಸಂಗತಿ ತಿಳಿಸಿದರು. “ತಂಗಿಗೆ ಹೇಳಿದ್ನಲ್ಲ” ಎಂದರಂತೆ; ತಂಗಿ ಎಂದರೆ ನಾನು. ಚಿಕ್ಕಪ್ಪ ನನ್ನನ್ನು ಏನೂ ಕೇಳಲಿಲ್ಲ. ಹಳೆಯ ಹಲ್ಲನ್ನೇ ಹಾಕಿಸಿಕೊಂಡು ಬಂದ.

ಆ ದಿನದ ನನ್ನ ಡೈರಿಯಲ್ಲಿ ಒಂದೇ ಸಾಲು: ಮೊಳಕಾಲ್ಮೂರಿಗೆ ಹೋಗಿಬಂದೆವು, ದಾರಿಯುದ್ದಕ್ಕೂ ಅವ್ವನಿಗೆ ಒಳ್ಳೆ ನಿದ್ದೆ.

ಇವತ್ತು ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ: ಕಲ್ಲು, ಸೆಕೆಂಡು, ನನ್ನ ಬಾಯಿಗೆ ಬಿದ್ದ ಬೀಗ.

“ನಿದ್ದೆ ಎಲ್ಲಿಂದ ಬರ್ಬೇಕವ್ವ,” ಎಂದಳು ಅವ್ವ. “ಹೆದ್ರಿ ಕಣ್ ಮುಚ್ಕಂಡಿದ್ದೆ. ನಡುನಡುವೆ ತೆಗ್ದು ನೋಡಿದ್ರೆ ನೀನು ವಾಚ್ ನೋಡ್ತಿದ್ದೆ. ಓದಿದೋಳು, ಏನಾರ ತಪ್ಪಿದ್ರೆ ಹೇಳ್ತಾಳೆ ಅಂತ ನಾನೂ ಸುಮ್ಕಿದ್ದೆ.”