ಮಹೇಶ್ವರಪ್ಪನವರು ಮುದ್ದೆ ಕಲಿತದ್ದು

ಕೊರೊನಾ ಅಬ್ಬರ ತಗ್ಗಿದ ಮರುವರ್ಷ. ನಾನಾಗ ಅಜ್ಜಂಪುರದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆ, ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಒಂದು ಬೆಳಿಗ್ಗೆ ಅಂತರಘಟ್ಟೆ ಕಡೆಯ ತೆಂಗಿನ ತೋಟದ ಮಹೇಶ್ವರಪ್ಪನವರು ಬಲಗೈಗೆ ಒದ್ದೆ ಟವೆಲ್ ಸುತ್ತಿಕೊಂಡು ಬಂದು ಕೂತರು. ಬಿಚ್ಚಿ ನೋಡಿದರೆ ಮುಂಗೈಯೆಲ್ಲ ಬೊಬ್ಬೆ.

“ಏನ್ ಮಾಡ್ಕೊಂಡ್ರಿ ಯಜಮಾನ್ರೇ?”

“ಮುದ್ದೆ ತಿರುವಕ್ಕೋಗಿ ಎಸ್ರು ಎಗರ್ತು ಡಾಕ್ಟ್ರಮ್ಮ.”

ಅರವತ್ತೈದು ದಾಟಿದ, ಮನೆಯಲ್ಲಿ ಕುಡಿಯುವ ನೀರೂ ಕೈಗೇ ಬರಬೇಕಾದ ಗಂಡಸು. ನನಗೆ ನಗು ಬಂತು. “ಈ ವಯಸ್ಸಲ್ಲಿ ಇದೇನು ಶೋಕಿ?” ಎಂದೆ.

ಅವರು ನಗಲಿಲ್ಲ. “ನಮ್ಮನೆಯವ್ಳು ಕಲಿಸ್ತಿದಾಳೆ. ತಾನು ಹೋದ್ಮೇಲೆ ನಾನು ಊಟಕ್ಕೆ ಯಾರ್ ಮನೆ ಬಾಗ್ಲಿಗೂ ಹೋಗ್ಬಾರ್ದಂತೆ.”

ಕೆಲವು ದಿನಗಳ ಹಿಂದೆ ಅವರ ಹೆಂಡತಿ ಗಂಗಮ್ಮನವರ ಎದೆಯಲ್ಲಿ ಗಂಟು ಕಂಡು, ನಾನೇ ದೊಡ್ಡ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟಿದ್ದೆ. ಇಬ್ಬರೂ ಬೀರೂರಿನಲ್ಲಿ ರೈಲು ಹಿಡಿದು ಹೋಗಿದ್ದರು. ಅಲ್ಲಿ ಸ್ಕ್ಯಾನ್ ಮಾಡಿ ಬಯಾಪ್ಸಿ ತೆಗೆದಿದ್ದರು. ಬಯಾಪ್ಸಿ ಎಂದರೆ ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಅದು ಏನು, ಯಾಕೆ ಎಂದು ಯಾರೂ ಹೇಳಿರಲಿಲ್ಲ. ವೈದ್ಯರು ಕಂಪ್ಯೂಟರ್ ನೋಡುತ್ತಲೇ “ರಿಪೋರ್ಟ್ ಬರಲಿ, ನೋಡೋಣ” ಎಂದರಂತೆ. ಆಮೇಲೆ, “ಯಜಮಾನ್ರು ಮಾತ್ರ ಹೊರಗೆ ಬನ್ನಿ.”

ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ. ಉಳಿಯದ ರೋಗಿಯ ಸುದ್ದಿಯನ್ನು ಮನೆಯವರನ್ನು ಹೊರಗೆ ಕರೆದೇ ಹೇಳುವುದು. ಮಹೇಶ್ವರಪ್ಪನವರನ್ನು ಕರೆದದ್ದು ಬರೀ ಫೋನ್ ನಂಬರ್ ಕೇಳಿ ಸಹಿ ಹಾಕಿಸಲು. ಹಾಗಂತ ಅವರು ಬಂದು ಹೇಳಿದರೆ ಹೆಂಡತಿ ನಂಬಲಿಲ್ಲ. ಊರಿಗೆ ಬಂದ ಮರುದಿನವೇ ಗಂಡನ ಕೈಗೆ ಮುದ್ದೆ ಕೋಲು ಕೊಟ್ಟರು.

ನನಗೆ ಸಿಟ್ಟು ಬಂತು. ಆ ವೈದ್ಯರ ಬಾಗಿಲಲ್ಲೂ ಉದ್ದ ಸಾಲು ಇದ್ದೀತು, ಒಪ್ಪುತ್ತೇನೆ. ಆದರೂ ಎರಡು ಮಾತಿಗೆ ಎಷ್ಟು ಹೊತ್ತು ಬೇಕು? ಫೋನ್ ಮಾಡಿ ವಿಚಾರಿಸಿದೆ. ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಸಂಜೆ ಇಬ್ಬರನ್ನೂ ಕರೆಸಿ ಅಕ್ಕಪಕ್ಕ ಕೂರಿಸಿದೆ.

“ಗಂಗಮ್ಮ, ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ. ಅಲ್ಲಿಯವರಿಗೂ ಇನ್ನೂ ಗೊತ್ತಿಲ್ಲ. ನಿಮ್ಮಿಂದ ಯಾರೂ ಏನೂ ಮುಚ್ಚಿಟ್ಟಿಲ್ಲ.”

ಆ ಪದ ಕೇಳಿ ಗಂಡ ಬೆಚ್ಚಿ, ಬೇಡ ಬೇಡ ಎಂದು ನನ್ನತ್ತ ಕೈಯಾಡಿಸಿದರು. ಆಕೆ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತು ಹೇಳಿದರು:

“ಕೊಬ್ರಿಗೆ ಅಂತ ಅಟ್ಟದ್ಮೇಲೆ ಒಣಗಾಕಿದ್ ತೆಂಗಿನ್ಕಾಯಿ ಇದ್ದಂಗೆ ಅನ್ನಿ. ಕಿವಿ ಹತ್ರ ಹಿಡ್ದು ಅಲ್ಲಾಡ್ಸಿದ್ರೆ ಒಳ್ಗೆ ಕೊಬ್ರಿ ಚಿಪ್ಪು ಬಿಟ್ಟೈತೆ ಅಂತ ಗೊತ್ತಾಗುತ್ತೆ. ಚೆನ್ನಾಗೈತೋ ಕೆಟ್ಟೈತೋ ಅನ್ನೋದು ಒಡೆದ್ಮೇಲೇ. ಅವ್ರು ಇನ್ನೂ ಒಡ್ದಿಲ್ಲ.”

“ಅಷ್ಟೇ” ಎಂದೆ.

“ಇಷ್ಟ್ ಹೇಳಿದ್ರೆ ಆಗ್ತಿರ್ಲಿಲ್ವಾ ಅವ್ರು? ಪಾಪ, ಇವ್ರ ಕೈ ಸುಡಿಸ್ಬಿಟ್ಟೆ” ಎಂದು ಗಂಡನ ಕಟ್ಟು ಹಾಕಿದ ಕೈಯನ್ನು ತಮ್ಮ ಮಡಿಲಿನಲ್ಲಿಟ್ಟುಕೊಂಡರು. ನನ್ನ ಕಣ್ಣು ತುಂಬಿತು.

ರಿಪೋರ್ಟ್ ಬಂತು. ಕ್ಯಾನ್ಸರೇ ಆಗಿತ್ತು, ಆರಂಭದ ಹಂತ. ಇಬ್ಬರಿಗೂ ಒಟ್ಟಿಗೇ ಹೇಳಿದೆ. ಗಂಗಮ್ಮ ಅತ್ತರು, ಆಮೇಲೆ ಆಪರೇಷನ್ ಯಾವಾಗ ಎಂದು ಕೇಳಿದರು. ಆಪರೇಷನ್ನು, ಕೀಮೋ ಎಲ್ಲ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಆ ಬದಿಯ ಕೈಯಲ್ಲಿ ಮುದ್ದೆ ತಿರುವುವಂಥ ಭಾರದ ಕೆಲಸ ಬೇಡ ಎಂದಿದ್ದರು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ರೋಗಿಯ ಮುಖ ನೋಡಿ ಹೇಳಬೇಕು. ವೃತ್ತಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. ನಾವು ಹೇಳದೆ ಬಿಟ್ಟ ಜಾಗದಲ್ಲಿ ಅವರು ತಮ್ಮ ಸಾವನ್ನೇ ತುಂಬಿಕೊಳ್ಳುತ್ತಾರೆ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಇಬ್ಬರೂ ತಪಾಸಣೆಗೆ ಬಂದಿದ್ದರು.

“ಮತ್ತೆ ಬರುತ್ತಾ ಡಾಕ್ಟ್ರಮ್ಮ?” ಎಂದು ಗಂಗಮ್ಮ ಕೇಳಿದರು.

“ಗೊತ್ತಿಲ್ಲ ಗಂಗಮ್ಮ. ಈಗಂತೂ ಇಲ್ಲ.”

“ಸರಿ ಬಿಡಿ” ಎಂದು ಎದ್ದರು. ಮಹೇಶ್ವರಪ್ಪನವರು ಆಗಲೇ ಬಾಗಿಲಲ್ಲಿ ನಿಂತು ಬಸ್ಸಿಗೆ ಅವಸರ ಮಾಡುತ್ತಿದ್ದರು.

“ಬಾರೇ, ಹೋಗಿ ಎಸ್ರಿಡ್ಬೇಕು ನಾನು.”