ನಿಂಜಾಗಳನ್ನು ಬಾಡಿಗೆಗೆ ಕೊಡುವ ಜಯಾ

ಕಮರಿಪೇಟೆಯ ಓಣಿಗೆ ಇನ್ನೂ ಹಾಲಿನವನು ಬಂದಿಲ್ಲ. ಹಿತ್ತಲಿನ ನಲ್ಲಿಯ ಕೆಳಗೆ ಬುಟ್ಟಿ ಇಟ್ಟುಕೊಂಡು ಜಯಾ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸೋಪಿನ ಪುಡಿ ಹಾಕಿದ್ದಾರೆ. ಕೆಂಪು, ಕಪ್ಪು, ಹಸಿರು ಪ್ಲಾಸ್ಟಿಕ್ ತುಂಡುಗಳು ಅದರಲ್ಲಿ ಮುಳುಗೇಳುತ್ತಿವೆ. ಕೈಯಾಡಿಸಿ, ಜರಡಿಗೆ ಬಗ್ಗಿಸಿ, ಮತ್ತೆ ತಣ್ಣೀರು ಹಾಯಿಸಿ ಹಳೆಯ ಧೋತರದ ಮೇಲೆ ಹರವುತ್ತಾರೆ. ನೀರು ಆರಿದ ಮೇಲೆ ಮೊರದ ಸರದಿ. ತೊಗರಿಬೇಳೆ ಹಸನು ಮಾಡುವ ಅದೇ ಮೊರದಲ್ಲಿ ಬೆರಳುದ್ದವೂ ಇಲ್ಲದ ನಿಂಜಾ ಗೊಂಬೆಗಳು ಒಂದು ಕಡೆ, ಅವುಗಳ ಮುಸುಕು ಒಂದು ಕಡೆ, ಕಡ್ಡಿಯಂಥ ಕತ್ತಿಗಳು ಇನ್ನೊಂದು ಕಡೆ ಸರಿಯುತ್ತವೆ.

"ಬಿಸಲಿಗೆ ಹಾಕಬಾರದ್ರಿ, ಬಿಳೇ ಪೀಸು ಹಳದಿ ಆಗತಾವು," ಎನ್ನುತ್ತ ಒಂದು ತುಂಡಿಗೆ ಅಂಟಿದ ಚಪಾತಿ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆಯುತ್ತಾರೆ. "ಹುಡುಗೂರು ಊಟ ಮಾಡಕೋತನ ಕಟ್ಟತಾವು. ಚಾಕ್ಲೇಟು, ಕೂದಲಾ, ಒಮ್ಮೆ ಸತ್ತ ಜೊಂಡಿಗ್ಯಾನೂ ಬಂದಿತ್ತು."

ತುಂಡಿಗೆ ತುಂಡು ಕೂಡಿಸಿ ಗುಡಿ, ಹಡಗು, ಬೆಂಕಿಯುಗುಳುವ ಡ್ರ್ಯಾಗನ್ನು ಕಟ್ಟುವ ನಿಂಜಾ ಸೆಟ್ಟುಗಳನ್ನು ಮಕ್ಕಳಿಗೆ ವಾರದ ಬಾಡಿಗೆಗೆ ಕೊಡುವುದು ಜಯಾ ಅವರ ಕೆಲಸ. ಬಟ್ಟೆಯ ಚೀಲದಲ್ಲಿ ಹೋದ ಸೆಟ್ಟು ವಾರದ ನಂತರ ಬರುತ್ತದೆ. ತೊಳೆದು, ಚಿತ್ರದ ಹಾಳೆಗೆ ಹಚ್ಚಿ ನೋಡಿ, ಕಡಿಮೆ ಬಿದ್ದದ್ದನ್ನು ಬೇರೆ ಡಬ್ಬಿಯಿಂದ ತುಂಬಿ ಮತ್ತೆ ಕಳಿಸುತ್ತಾರೆ. ದಿನಕ್ಕೆ ನಾಲ್ಕೈದು ಚೀಲ; ದೀಪಾವಳಿ, ಬೇಸಿಗೆ ರಜೆಯಲ್ಲಿ ಅದರ ಇಮ್ಮಡಿ. ಶನಿವಾರ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಸತ್ತೂರ, ಕೆಲಗೇರಿಯ ಮನೆಗಳಿಗೆ ಮುಟ್ಟಿಸಿ ಬರುತ್ತಾರೆ. ನಲವತ್ತು ದಾಟಿದ ಈ ಹೆಣ್ಣುಮಗಳು ಓದಿದ್ದು ಎಂಟನೆಯ ಇಯತ್ತೆ. ನಿಂಜಾ ಅಂದರೆ ಯಾರೆಂದು ಕೇಳಿದರೆ "ಜಪಾನದ ಕಳ್ಳರಿರಬೇಕ್ರಿ" ಎಂದು ನಗುತ್ತಾರೆ.

ತೊಳೆಯುವುದೆಲ್ಲ ಬೆಳಕು ಹರಿಯುವುದರೊಳಗೆ ಮುಗಿಯಬೇಕು. ಹಿತ್ತಲಲ್ಲಿ ನಲ್ಲಿ ಒಂದೇ, ಮನೆ ಎರಡು. ಗೋಡೆಯ ಆಚೆಗಿನ ಮನೆಯಲ್ಲಿ ನೆಗೆಣ್ಣಿ ಗೀತಾಂಜಲಿ, ಅಂದರೆ ಜಯಾ ಅವರ ಗಂಡನ ಅಣ್ಣನ ಹೆಂಡತಿ, ಇದ್ದಾರೆ. ಅವರು ಎದ್ದು ಬಂದರೆ ನಲ್ಲಿ ಬಿಟ್ಟುಕೊಡಬೇಕು. ಅವರು ಬರುವುದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕೈಯಲ್ಲಿ ಚಿನ್ನದ ಬಿಲ್ವಾರಗಳಿವೆ, ಅಗಲದ ಬಳೆಗಳು.

"ಆ ಸಪ್ಪಳ ಕೇಳಿದ್ರ ನನಗ ಕಿವ್ಯಾಗ ಕಾದ ಎಣ್ಣಿ ಹಾಕಿದಂಗ ಆಕ್ಕಿತ್ತು," ಎನ್ನುತ್ತಾರೆ ಜಯಾ. "ಹೊಟ್ಟಿಕಿಚ್ಚ್ರಿ. ಯಾಕ ಸುಳ್ಳು ಹೇಳ್ಲಿ?"

ಆ ಬಿಲ್ವಾರಗಳು ಬಂದದ್ದೂ ನಿಂಜಾಗಳಿಂದಲೇ.

ಮಾವ ಹುಚ್ಚಪ್ಪನವರಿಗೆ ಪೇಟೆಯಲ್ಲಿ ಚಿಕ್ಕದೊಂದು ಆಟಿಗೆಯ ಅಂಗಡಿಯಿತ್ತು. ಬುಗುರಿ, ತಗಡಿನ ಬಸ್ಸು, ಪ್ಲಾಸ್ಟಿಕ್ ಬ್ಯಾಟು ಮಾರಿಕೊಂಡಿದ್ದವರು ಮುಂಬಯಿಯ ವ್ಯಾಪಾರಿಯೊಬ್ಬನ ಮಾತು ಕೇಳಿ ಒಮ್ಮೆ ನಿಂಜಾ ಸೆಟ್ಟುಗಳ ದೊಡ್ಡ ರಟ್ಟಿನ ಪೆಟ್ಟಿಗೆ ತರಿಸಿದರು. ಬೆಲೆ ಕೇಳಿದವರು ಡಬ್ಬಿಯನ್ನು ಮುಟ್ಟದೆ ಹೋದರು. ಮೊಣಕಾಲು ಸೋತು ಅಂಗಡಿ ಮುಚ್ಚುವಾಗಲೂ ಆ ಡಬ್ಬಿಗಳು ಹಾಗೇ ಉಳಿದಿದ್ದವು. ಅತ್ತೆ ರೇಣವ್ವ ಅವನ್ನು ಪಡಸಾಲೆಯಲ್ಲಿ ಎರಡು ಗುಂಪು ಮಾಡಿಸಿ, "ಇಬ್ರೂ ಸೊಸ್ತೇರಿಗೂ ಸರಿಸಮ. ನಾಳೆ ನನ್ನ ಹೆಸರು ತಗದು ಜಗಳಾಡಬ್ಯಾಡ್ರಿ," ಎಂದು ಹಂಚಿಬಿಟ್ಟರು.

ಗೀತಾಂಜಲಿ ತಮ್ಮ ಪಾಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. ಜಯಾ ಅವರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಇಷ್ಟು ದುಬಾರಿಯ ಡಬ್ಬಿಯಲ್ಲಿ ಏನಿದ್ದೀತು ಎಂಬ ಒಂದೇ ಕುತೂಹಲಕ್ಕೆ ಒಂದನ್ನು ಒಡೆದರು. ಟೆಂಪೋ ಓಡಿಸುವ ಗಂಡ ಫಕೀರೇಶ ಅವತ್ತು ಮನೆಯಲ್ಲಿದ್ದರು. ಇಬ್ಬರೂ ನೆಲದ ಮೇಲೆ ಕೂತು, ಊಟ ಮರೆತು, ಸಂಜೆಯ ಹೊತ್ತಿಗೆ ಮೂರಂತಸ್ತಿನ ಗುಡಿ ನಿಲ್ಲಿಸಿದರು. ಬಾಗಿಲಲ್ಲಿ ಓಣಿಯ ಮಕ್ಕಳು ಜಮಾಯಿಸಿದ್ದವು. ಒಬ್ಬ ತಾಯಿ, "ನಮ್ಮ ಹುಡುಗನ ಬರ್ತ್‌ಡೇಕ ಎರಡು ದಿನ ಕೊಡ್ರಲಾ, ಏನರೆ ಕೊಡ್ತೇವಿ," ಎಂದು ಕೇಳಿದಳು. ಹಾಗೆ ಶುರುವಾಯಿತು. ವರ್ಷ ಒಂದು ಕಳೆಯುವುದರೊಳಗೆ ಜಯಾ ಪಾಲಿನ ಎಲ್ಲ ಡಬ್ಬಿಗಳೂ ಒಡೆದಿದ್ದವು. ಓಣಿಯ ಮಕ್ಕಳ ಬಾಯಲ್ಲಿ ಅವರು 'ನಿಂಜಾ ಆಂಟಿ' ಆಗಿದ್ದರು.

ಹಲವು ವರ್ಷ ಹೀಗೇ ನಡೆಯಿತು. ಒಂದು ದಿನ ಇಸ್ತಿಯಾಕ ಬಂದರು. ಫಕೀರೇಶರ ಗೆಳೆಯ, ಆಟಿಗೆಯ ಹಳೆಯ ಸೆಟ್ಟುಗಳನ್ನು ಹುಡುಕಿ ಪುಣೆ, ಮುಂಬಯಿಯ ಹವ್ಯಾಸಿಗಳಿಗೆ ಕಳಿಸುವ ವ್ಯಾಪಾರಿ. ಜಯಾ ಕಟ್ಟಿಟ್ಟಿದ್ದ ಗುಡಿಯನ್ನು ಸುತ್ತಿ ಸುತ್ತಿ ನೋಡಿದರು.

"ವೈನಿ, ಇದು ಈಗ ಎಲ್ಲೂ ಸಿಗಂಗಿಲ್ಲ. ಈ ಸೆಟ್ಟು ಮಾಡೂದನ್ನ ಕಂಪನಿ ಬಂದ್ ಮಾಡೇತಿ. ಡಬ್ಬಿ ಸೀಲ್ ಇದ್ದದ್ದು ಒಂದರೆ ಐತೇನು?"

ಜಯಾ ಅವರ ಹತ್ತಿರ ಇರಲಿಲ್ಲ. ಗೋಡೆಯ ಆಚೆಗೆ ಕಪಾಟಿನ ಮೇಲೆ ಸೀರೆಯಲ್ಲಿ ಸುತ್ತಿದ್ದವು. ಇಸ್ತಿಯಾಕ ದೊಡ್ಡ ಬೆಲೆ ಕೊಟ್ಟು ಅಲ್ಲಿಂದ ಕೈತುಂಬ ಡಬ್ಬಿ ಹೊತ್ತುಕೊಂಡು ಹೋದರು. ಮುಂದಿನ ಹಬ್ಬಕ್ಕೆ ಗೀತಾಂಜಲಿ ಹೋಳಿಗೆ ಬಡಿಸಲು ಕೈ ಚಾಚಿದಾಗ ಬಿಲ್ವಾರ ಹೊಳೆದವು. "ಸುಮ್ಮನ ಇಟ್ಟು ಮರತಿದ್ದೆವ್ವಾ, ದೇವರು ಕಣ್ಣು ತೆರದಾ," ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಮಾತೇ ಜಯಾ ಅವರನ್ನು ಸುಟ್ಟಿತು. "ಆಕಿ ಏನರೆ ಬುದ್ಧಿ ಓಡಿಸಿ ಇಟ್ಟಿದ್ರ ಇಷ್ಟು ಉರೀತಿರಲಿಲ್ಲರಿ. ಮರತು ಇಟ್ಟಾಕಿಗೆ ಬಂಗಾರ, ದಿನಾ ತಿಕ್ಕಿ ತೊಳ್ದಾಕಿಗೆ ಅಂಗೈ ಸೀಳು." ಬಂಧುಗಳು ಬಂದರೆ ಸೀದಾ ಆಚೆಯ ಮನೆಗೆ ಹೋಗಿ, ಇಂಥ ಡಬ್ಬಿ ಈಗ ಕೊಂಡಿಟ್ಟರೂ ಬೆಲೆ ಏರುತ್ತದೆಯೇ ಎಂದು ಗೀತಾಂಜಲಿಯವರ ಸಲಹೆ ಕೇಳುತ್ತಿದ್ದರು. ಈಚೆ ಜಯಾ ಕೂತು ಹಲ್ಲುಗುರುತು ಬಿದ್ದ ತುಂಡುಗಳನ್ನು ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಪುಟ್ಟ ಹುಡುಗಿಯೊಬ್ಬಳು ಸೆಟ್ಟು ವಾಪಸು ತಂದಳು, ಕತ್ತಿಯೊಂದು ಕಳೆದಿತ್ತು. ಯಾವತ್ತೂ ದನಿಯೇರಿಸದ ಜಯಾ ಬಾಗಿಲಲ್ಲೇ ನಿಂತು ಕೂಗಾಡಿದರು. ಹುಡುಗಿ ಬಿಕ್ಕುತ್ತ ಹೋದಳು. ಆ ಮನೆಯವರು ಮತ್ತೆ ಬರಲಿಲ್ಲ.

ಆಗಲೇ ಜಯಾ ಇಸ್ತಿಯಾಕರ ಅಂಗಡಿಗೆ ಹೋದದ್ದು. ಸ್ವಂತ ನಲ್ಲಿ ಇರುವ ಒಂದು ಕೋಣೆ ಹಿಡಿಯಲೆಂದು ವರ್ಷಗಟ್ಟಲೆ ಕೂಡಿಟ್ಟ ಹಣ ಸೀರೆಯ ಸೆರಗಿನಲ್ಲಿತ್ತು. ನಿಂಜಾ ಸೆಟ್ಟು ಬೇಕು, ಸೀಲ್ ಒಡೆಯದ್ದು, ಇಟ್ಟು ಮಾರಲಿಕ್ಕೆ ಎಂದರು. ಇಸ್ತಿಯಾಕ ಕುರ್ಚಿ ಕೊಟ್ಟು ಕೂರಿಸಿದರು.

"ವೈನಿ, ನಾ ವ್ಯಾಪಾರಸ್ಥ, ಮಾರಬೇಕು ಖರೇ. ಆದ್ರ ನಿಮಗ ಹೇಳೇ ಮಾರ್ತೇನಿ. ಗೀತಕ್ಕನ ಕಡೆ ಇದ್ದದ್ದು ಮೊದಲನೇ ವರ್ಷದ ಮಾಲು. ಅವಾಗ ಇಂಥಾವನ್ನ ಯಾರೂ ಇಟ್ಟಿರಲಿಲ್ಲ, ಅದಕ್ಕ ಏರಿತು. ಈಗ ಎಲ್ಲಾರೂ ಇಡಾಕತ್ತಾರ. ಈ ಜಾತಿ ಇನ್ನೂ ಬರಾಕತ್ತೇತಿ, ವರ್ಷಾ ಹೊಸಾ ಸೆಟ್ಟು. ಹಳೇದನ್ನ ಕಂಪನಿ ಮತ್ತ ಹೊಸಾದು ಮಾಡಿ ತಂತಂದ್ರ ನಿಮ್ಮದು ಅಲ್ಲೇ ಕುಂತಿತು. ಮೂಲಿ ಜಜ್ಜಿದ್ರ, ಥಂಡಿ ಹಿಡದ್ರ ಅರ್ಧಾ ಬೆಲೆ. ಹಾಕೂದಾದ್ರ ಕೈ ಬಿಟ್ಟರೂ ನಡೀತೈತಿ ಅನ್ನೂ ರೊಕ್ಕ ಹಾಕ್ರಿ."

"ಆಕಿಗೆ ಕೂಡಿ ಬಂತು, ನನಗ ಬರಂಗಿಲ್ಲೇನು?" ಎಂದರು ಜಯಾ.

ಇಸ್ತಿಯಾಕ ಎದ್ದು ಡಬ್ಬಿ ಇಳಿಸಿದರು. ಡಬ್ಬಿಗಳು ಕಮರಿಪೇಟೆಗೆ ಬಂದವು. ಒಳಕೋಣೆಯ ಕಪಾಟಿನಲ್ಲಿ ಇಟ್ಟು ಜಯಾ ಬೀಗ ಹಾಕಿದರು. ಗಂಡನಿಗೂ ಹೇಳಲಿಲ್ಲ. ದಿನಕ್ಕೊಮ್ಮೆ ತೆರೆದು ಮೂಲೆಗಳನ್ನು ಸವರಿ ನೋಡುವುದೇ ಒಂದು ಗೀಳಾಯಿತು. ಫಕೀರೇಶರಿಗೆ ಗೊತ್ತಾದದ್ದು ಕೋಣೆಯ ಮುಂಗಡ ಕೊಡಲು ಹೊರಟ ದಿನ. "ನಾ ಬ್ಯಾಡ ಅಂತಿದ್ನೇನು? ಒಂದು ಮಾತು ಕೇಳಬೇಕಿತ್ತು," ಎಂದು ಟೆಂಪೋದ ಕೀಲಿ ತೆಗೆದುಕೊಂಡು ಹೋದರು.

ಇಸ್ತಿಯಾಕ ಹೇಳಿದ್ದೇ ಆಯಿತು. ಜಯಾ ಹೆಚ್ಚು ನಂಬಿ ಕೊಂಡಿದ್ದ ದೊಡ್ಡ ಡ್ರ್ಯಾಗನ್ ಸೆಟ್ಟು ಹೊಸ ರೂಪದಲ್ಲಿ ಮತ್ತೆ ಪೇಟೆಗೆ ಬಂತು. ಹಳೆಯದನ್ನು ಕೇಳುವವರಿಲ್ಲ. "ಇನ್ನಾ ನಾಕೈದು ವರ್ಷ ಇಡ್ರಿ, ನೋಡೂಣು," ಎಂದರು ಇಸ್ತಿಯಾಕ.

ಹೋದ ವರ್ಷದ ಮಳೆಗಾಲದ ಒಂದು ಶನಿವಾರ ಜಯಾ ಚೀಲ ಹೊತ್ತು ಕೆಲಗೇರಿಗೆ ಹೋಗಿದ್ದರು. ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಧಾರಾಕಾರ ಸುರಿಯಿತು. ತೋಯ್ದುಕೊಂಡು ಮನೆಗೆ ಬಂದಾಗ ಒಳಕೋಣೆಯ ತಗಡು ಸೋರಿ ನೆಲದ ತುಂಬ ನೀರು. ಕಪಾಟಿನ ಬೀಗ ಮುರಿದಿತ್ತು. ಒಳಗೆ ಒಂದೂ ಡಬ್ಬಿ ಇರಲಿಲ್ಲ.

"ಮೊದಲ ಬಾಯಿಗೆ ಬಂದದ್ದ ಆಕಿ ಹೆಸರು," ಎನ್ನುತ್ತಾರೆ ಜಯಾ. "ಕಡಿಗೂ ಒಯ್ದಳಲ್ಲಾ ಅಂತ ಒದರಕೋತನ ಓಡಿದೆ."

ಆಚೆಯ ಮನೆಯ ಪಡಸಾಲೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅದರ ಕೆಳಗೆ ಹಾಸಿಗೆಯ ಮೇಲೆ ಡಬ್ಬಿಗಳು ಸಾಲಾಗಿ ನಿಂತಿದ್ದವು. ಗೀತಾಂಜಲಿ ಒದ್ದೆ ಸೀರೆಯಲ್ಲೇ ಕೂತು ಒಂದೊಂದನ್ನೇ ಒಣ ಬಟ್ಟೆಯಿಂದ ಒತ್ತಿ ಒರೆಸುತ್ತಿದ್ದರು. ರಟ್ಟಿಗೆ ಗೀರು ಬೀಳಬಾರದೆಂದು ಬಿಲ್ವಾರ ಬಿಚ್ಚಿಟ್ಟಿದ್ದರು.

"ಗ್ವಾಡಿ ತುಂಬ ನೀರು ಬರಾಕತ್ತಿತ್ತು. ಕೀಲಿ ನಿನ್ನ ಕಡೆ. ಕಲ್ಲು ತಗೊಂಡು ಒಡದೆ," ಎಂದರು ತಲೆಯೆತ್ತದೆ. ಆಮೇಲೆ ಮೆಲ್ಲಗೆ ಕೇಳಿದರು: "ನನ್ನ ನೋಡಿ ತಂದಿಟ್ಟಿ, ಅಲ್ಲಾ?"

ಜಯಾ ಬಾಗಿಲಲ್ಲೇ ನಿಂತಿದ್ದರು. "ಹೂಂ ಅಕ್ಕಾ. ನಿನ್ನ ಕೈಯಾಗಿನ ಬಿಲ್ವಾರ ನೋಡಾಕ ಆಗವಲ್ದಾಗಿತ್ತು."

ಗೀತಾಂಜಲಿ ಎದ್ದು ಅಡುಗೆಮನೆಗೆ ಹೋದರು. ಹಿಟ್ಟಿನ ದೊಡ್ಡ ಡಬರಿ ಎಳೆದು ತಂದು ಮುಂದಿಟ್ಟು ಮುಚ್ಚಳ ತೆಗೆದರು. ಒಳಗೆ ನಿಂಜಾ ಸೆಟ್ಟಿನ ತುಂಡುಗಳು, ಕಲಸಿಹೋಗಿ, ಕತ್ತಿನವರೆಗೆ ತುಂಬಿದ್ದವು.

"ಇಸ್ತಿಯಾಕಗ ಕೊಡದ ಮೂರು ಡಬ್ಬಿ ಇಟಗೊಂಡಿದ್ದೆ. ಈಗ ಮಾರಿದ್ರ ಇನ್ನೊಂದು ಜೋಡು ಬಿಲ್ವಾರ ಆಕ್ಕಿದ್ವು. ಒಡದೇನಿ, ಮೂರೂ," ಎಂದರು. "ಓಣ್ಯಾಗ ಯಾವ ಹುಡುಗ ಬಂದ್ರೂ ನಿಂಜಾ ಆಂಟಿ ಮನಿ ಯಾವುದು ಅಂತ ನನ್ನ ಬಾಗಲಾ ಬಡಿತಾನ. ಒಬ್ಬರೂ ನನ್ನ ಕೇಳ್ಕೊಂಡು ಬರಂಗಿಲ್ಲ. ನಾನೂ ಒಂದು ಕಟ್ಟಿ ಬಾಗಲದಾಗ ಇಡೂಣು ಅಂತ ಕುಂತೆ. ಬರಲಿಲ್ಲ ತಂಗಿ. ಎಲ್ಲಾ ಕಲಸಿ ಹ್ವಾದ್ವು. ಯಾರಿಗೆ ಹೇಳಲಿ?"

ಜಯಾ ಅವರಿಗೆ ಮೊದಲು ಬಂದದ್ದು ನಗು. ಅದನ್ನು ಮುಚ್ಚಿಡುವುದೂ ಅವರಿಗೆ ಗೊತ್ತಿಲ್ಲ. "ಖರೇ ಹೇಳ್ತೇನ್ರಿ, ಆಕಿನೂ ಉರದಾಳ ಅಂತ ತಿಳದ ಮ್ಯಾಲೆ ನಾ ಅವತ್ತ ಹೊಟ್ಟಿ ತುಂಬ ಉಂಡೆ." ಊಟವಾದ ಮೇಲೆ ಆ ಡಬರಿಯನ್ನು ತಮ್ಮ ಮನೆಗೆ ತಂದು ಮೊರಕ್ಕೆ ಸುರಿದುಕೊಂಡರು. ಮೂರು ಸೆಟ್ಟೂ ಬೇರೆಯಾಗುವ ಹೊತ್ತಿಗೆ ವಾರ ಕಳೆದಿತ್ತು. ತಮ್ಮ ಡಬ್ಬಿಗಳಲ್ಲಿ ನೀರು ಕುಡಿದವನ್ನು ಒಡೆದು ಬಾಡಿಗೆಯ ಚೀಲಕ್ಕೆ ಸೇರಿಸಿದರು. ಒಣಗಿದ್ದವನ್ನು ಇಸ್ತಿಯಾಕ ಜಯಾ ಕೊಟ್ಟಿದ್ದ ಬೆಲೆಗೇ ಮರಳಿ ತೆಗೆದುಕೊಂಡರು. ಕೋಣೆ ಇನ್ನೂ ಆಗಿಲ್ಲ. ಆದರೆ ಮುಂಗಡಕ್ಕೆಂದು ಫಕೀರೇಶರೂ ಈಗ ತಮ್ಮ ಕೈಯಿಂದ ಒಂದಿಷ್ಟು ಸೇರಿಸುತ್ತಾರೆ. ಬೈಸಿಕೊಂಡು ಅಳುತ್ತ ಹೋಗಿದ್ದ ಹುಡುಗಿಯ ಮನೆಗೆ ಜಯಾ ತಾವೇ ಒಂದು ಸೆಟ್ಟು ಒಯ್ದು ಕೊಟ್ಟು ಬಂದರು. ಅವಳ ತಾಯಿ ಚಹಾ ಮಾಡಿ ಕೊಟ್ಟಳು. ಹುಡುಗಿ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಜಯಾ ಬೇರ್ಪಡಿಸಿ ಕೊಟ್ಟ ಆ ಮೂರು ಸೆಟ್ಟುಗಳನ್ನು ಗೀತಾಂಜಲಿ ತಾವೇ ಬಾಡಿಗೆಗೆ ಕೊಡಲು ಶುರುಮಾಡಿದ್ದಾರೆ. ಅವರ ಬಾಗಿಲಿಗೂ ಮಕ್ಕಳು ಬರುತ್ತಿದ್ದಾರೆ. ಹುಡುಗರಿಗೆ ಗೀತಾಂಜಲಿ ಚಕ್ಕುಲಿ ಕೊಡುತ್ತಾರೆ. ಜಯಾ ಅವರ ಪ್ರಕಾರ ಅದು ವ್ಯಾಪಾರದ ನ್ಯಾಯವಲ್ಲ. "ಚಕ್ಕಲಿ ಆಸೇಕ್ಕ ಹೋಗ್ತಾವ್ರಿ. ಪೀಸು ತೊಳಿಯೂದು ಯಾರು? ನಾನ. ಸೀಟಿ ಹೊಡಕೋತ ಹಂಚೂದು ಯಾರು? ಆಕಿ." ಹೇಳುವಾಗ ಮೂಗಿನ ಹೊಳ್ಳೆ ಅರಳುತ್ತದೆ. ಮೊರ ಮಾತ್ರ ನಿಲ್ಲುವುದಿಲ್ಲ.

ಮೊನ್ನೆ ಸತ್ತೂರದ ಹೆಣ್ಣುಮಗಳೊಬ್ಬರು ಗೀತಾಂಜಲಿಯವರ ಹತ್ತಿರ ಒಯ್ದಿದ್ದ ಸೆಟ್ಟನ್ನು ಮರಳಿಸಲು ಬಂದಿದ್ದರು. ಹಳೆಯ ಸೆಟ್ಟಾದರೂ ಅದರಲ್ಲಿ ಒಂದು ತುಂಡೂ ಕಡಿಮೆ ಇರಲಿಲ್ಲ, ಹೊಸದರ ಹಾಗೆ ಥಳಥಳ ಅನ್ನುತ್ತಿತ್ತು ಎಂದು ಹೊಗಳಿದರು. ಜಯಾ ಹಿತ್ತಲಲ್ಲಿ ಧೋತರ ಝಾಡಿಸುತ್ತಿದ್ದವರು ಕೈ ತಡೆದು ಗೋಡೆಗೆ ಕಿವಿಗೊಟ್ಟರು.

"ಅದೆಲ್ಲಾ ನಮ್ಮ ಜಯಾನ ಕೆಲಸರಿ," ಎಂದರು ಆಚೆ ಗೀತಾಂಜಲಿ. "ಆಕಿ ಕೈಗೆ ಹೋಗಿ ಬಂದದ್ದರಾಗ ಕಡಿಮಿ ಬೀಳೂದ ಇಲ್ಲ."

ಇದನ್ನು ಹೇಳಿ ಮುಗಿಸಿ ಜಯಾ ಮೊರದಿಂದ ಒಂದು ಸಣ್ಣ ಕಪ್ಪು ಮುಸುಕನ್ನು ಎತ್ತಿ, ಊದಿ, ಗೊಂಬೆಯ ತಲೆಗೆ ಕೂಡಿಸುತ್ತಾರೆ. ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ.

"ಮೆತ್ತಗ ಅಂದ್ಲು ನೋಡ್ರಿ. ಓಣಿಗೆ ಕೇಳೂಹಂಗ ಸ್ವಲ್ಪ ಜೋರಾಗಿ ಅಂದಿದ್ರ ಇನ್ನೂ ಛಲೋ ಇತ್ತು."