ನಿಂಗಮ್ಮನ ಗದ್ದೆಯ ಉಸಿರು

ಮದ್ದೂರಿನ ಬಳಿಯ ಭಾರತೀನಗರದ ಬಾಡಿಗೆ ಮನೆಗೆ ಬಂದ ನಾಲ್ಕನೆಯ ದಿನ, ಗುರುತಿಲ್ಲದ ಹೆಂಗಸೊಬ್ಬರು ಚಪ್ಪಲಿ ಕಳಚಿ ನೇರ ನನ್ನ ಅಡುಗೆಮನೆಗೆ ನಡೆದು ಬಂದರು. ಕಪಾಟಿನಲ್ಲಿದ್ದ ಗಾಜಿನ ಭರಣಿಗೆ ಕಿವಿ ಹಚ್ಚಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಪಿಸುದನಿಯಲ್ಲಿ ಕೇಳಿದರು: “ಉಸ್ರಾಡ್ತಾ ಅದೇನವ್ವ?”

ಭರಣಿಯಲ್ಲಿದ್ದದ್ದು ಅವರ ಗದ್ದೆಯ ಒಂದು ಹಿಡಿ ಮಣ್ಣು. ಅವರ ಹೆಸರು ನಿಂಗಮ್ಮ. ಅವರು ಹೋದ ಮೇಲೆ ನಾನು ಸಿಂಕಿನ ಮುಂದೆ ನಿಂತು ಅತ್ತೆ. ಮಂಗಳೂರಿನಲ್ಲಿ ನನ್ನ ಅಡುಗೆಮನೆಗೆ ಮಾವನವರು ಕೂಡ ಕೆಮ್ಮಿ, ಸದ್ದು ಮಾಡಿ ಬರುತ್ತಿದ್ದರು.

ಊರಿನಲ್ಲಿರುವ ನೀವೆಲ್ಲ ಕೇಳುತ್ತಿರುತ್ತೀರಿ, ಅಲ್ಲಿ ಏನು ಕೆಲಸ ಎಂದು. ನನ್ನ ಗಂಡನಿಗೆ ಒಂದು ಸಂಸ್ಥೆಯಲ್ಲಿ ಮಣ್ಣು ಪರೀಕ್ಷೆಯ ಕೆಲಸ. ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಮೂರು ತಾಲ್ಲೂಕು ತಿರುಗಬೇಕು. ಮಣ್ಣಿನಲ್ಲಿ ಎಷ್ಟು ಗೊಬ್ಬರವಿದೆ ಎಂದಲ್ಲ, ಎಷ್ಟು ಜೀವವಿದೆ ಎಂದು ಇವರು ಅಳೆಯುತ್ತಾರೆ. ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಮಣ್ಣಿನೊಳಗೆ ತಿನ್ನುತ್ತವೆ, ನಮ್ಮ ಹಾಗೆಯೇ ಉಸಿರು ಬಿಡುತ್ತವೆ. ಒಂದು ಹಿಡಿ ಹಸಿ ಮಣ್ಣನ್ನು ಭರಣಿಗೆ ಹಾಕಿ, ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ಕ್ಷಾರದ ನೀರಿಟ್ಟು, ಬಿಗಿಯಾಗಿ ಮುಚ್ಚಿ ಒಂದು ದಿನ ಕತ್ತಲಲ್ಲಿಡಬೇಕು. ಮಣ್ಣು ಬಿಟ್ಟ ಉಸಿರನ್ನೆಲ್ಲ ಆ ನೀರು ಹೀರಿಕೊಳ್ಳುತ್ತದೆ. ಮರುದಿನ ಅದಕ್ಕೆ ಒಂದು ದ್ರಾವಣ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗೆರೆ ಹಾಕಿದ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಆಸಿಡ್ ಬಿಡುತ್ತ, ಗುಲಾಬಿ ಯಾವ ಗೆರೆಗೆ ಮಾಯವಾಯಿತು ಎಂದು ನೋಡಬೇಕು. ಆಸಿಡ್ ಕಡಿಮೆ ಹಿಡಿದಷ್ಟೂ ಮಣ್ಣು ಹೆಚ್ಚು ಉಸಿರಾಡಿದೆ ಎಂದರ್ಥ.

ಇವರಿಗೆ ಹುಟ್ಟಿನಿಂದ ತಿಳಿಗುಲಾಬಿ ಬಣ್ಣ ಕಾಣುವುದಿಲ್ಲ. ಮದುವೆಯಲ್ಲಿ ನಾನುಟ್ಟ ಸೀರೆ ಬೂದು ಬಣ್ಣದ್ದೆಂದು ಇಂದಿಗೂ ನಂಬಿದ್ದಾರೆ. ಸಂಸ್ಥೆಯ ಕೊಠಡಿಯಲ್ಲಿ ಸಹಾಯಕ್ಕೆ ಯಾರೂ ಇಲ್ಲದೆ ಭರಣಿಗಳು ನನ್ನ ಕಪಾಟಿಗೆ ಬಂದವು. ಕಾನ್ವೆಂಟಿನ ಲ್ಯಾಬಿನಲ್ಲಿ ಸಿಸ್ಟರ್ ಕೈಹಿಡಿದು ಕಲಿಸಿದ ವಿದ್ಯೆ ಇಲ್ಲಿ, ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ, ಉಪಯೋಗಕ್ಕೆ ಬಂತು.

ಉಳಿದದ್ದೆಲ್ಲ ನನಗೆ ಬಾರದ ವಿದ್ಯೆಯೇ. ನಾನು ಮುದ್ದೆಯನ್ನು ಅಗಿದೆ. “ಅಯ್ಯೋ, ಅಗೀಬ್ಯಾಡಿ ಕಣವ್ವ, ನುಂಗಿ” ಎಂದು ನಿಂಗಮ್ಮ ಬಸ್ಸಾರಿನಲ್ಲಿ ಅದ್ದಿ ತೋರಿಸಿಕೊಟ್ಟರು. ಬಸ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಸಾರು. ನಮ್ಮಲ್ಲಿ ಆ ನೀರನ್ನು ಚೆಲ್ಲುತ್ತೇವಲ್ಲ! ನಾನು ಅವರನ್ನು “ನಿಂಗಮ್ಮನವರೇ, ಕುಳಿತುಕೊಳ್ಳಿ” ಎಂದರೆ ಬಿದ್ದು ಬಿದ್ದು ನಗುತ್ತಿದ್ದರು. “ಪುಸ್ತಕ ಓದ್ದಂಗೆ ಮಾತಾಡ್ತೀಯಲ್ಲವ್ವ, ರೇಡಿಯ ನುಂಗಿದ್ದೀಯಾ?” ಎರಡನೆಯ ವಾರಕ್ಕೆ ನಾನು ಅವರಿಗೆ ‘ನೀನು’ ಆಗಿದ್ದೆ. ಅದೊಂದೇ ನನ್ನ ಗೆಲುವು. ಅವರು ಬಾರದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಮಧ್ಯಾಹ್ನ ಮೀನಿನ ವಾಸನೆ ನೆನಪಾಗಿ ಊಟ ಸೇರುತ್ತಿರಲಿಲ್ಲ. ವಾಪಸು ಹೋಗೋಣ ಎಂದು ಇವರ ಮುಂದೆ ಎಷ್ಟು ಸಲ ಬೇಡಿಕೊಂಡೆನೋ ಲೆಕ್ಕವಿಲ್ಲ.

ನಿಂಗಮ್ಮನಿಗೆ ಗಂಡನಿಲ್ಲ. ಮೈದುನ ಚಿಕ್ಕಣ್ಣನ ಜೊತೆ ಭಾಗವಾಗದ ಒಂದೆಕರೆ ಗದ್ದೆ. ವರ್ಷವರ್ಷವೂ ಕಬ್ಬಿನ ತರಗು, ಎಂದರೆ ಒಣಗಿದ ಗರಿ, ಅಲ್ಲೇ ಸುಟ್ಟು ಸುಟ್ಟು ಮಣ್ಣು ಸತ್ತುಹೋಗಿತ್ತು. ಮೇಲ್ಮಣ್ಣನ್ನು ಕೆರೆದು ಇಟ್ಟಿಗೆ ಗೂಡಿಗೆ ಕಳಿಸಿಬಿಡೋಣ ಎಂದು ಚಿಕ್ಕಣ್ಣ ಹಟ ಹಿಡಿದಿದ್ದ. ಮೇಲ್ಮಣ್ಣು ಹೋದರೆ ಗದ್ದೆ ಮತ್ತೆ ಗದ್ದೆಯಾಗುವುದಿಲ್ಲ. ಇವರು ನಡುವೆ ಬಂದು ಒಂದು ವರ್ಷ ಕೇಳಿ ಪಡೆದಿದ್ದರು.

ಮಣ್ಣಿಲ್ಲದ ಖಾಲಿ ಭರಣಿಗೆ ಇಪ್ಪತ್ತು ಗೆರೆ ಆಸಿಡ್ ಹಿಡಿಯುತ್ತಿತ್ತು. ನನ್ನ ಹಿತ್ತಲಿನ ಬಸಳೆಬುಡದ ಮಣ್ಣಿಗೆ ಹನ್ನೆರಡು. ನಿಂಗಮ್ಮನ ಗದ್ದೆಗೆ ಮೊದಲ ಸಲ ಹತ್ತೊಂಬತ್ತು. ವರ್ಷದೊಳಗೆ ಅದು ಹದಿನೈದಕ್ಕಿಳಿದರೆ ಚಿಕ್ಕಣ್ಣ ಇಟ್ಟಿಗೆಯ ಮಾತು ಬಿಡಬೇಕು. ಸಂಸ್ಥೆ ಮಾದರಿಗೆಂದು ಆರಿಸಿಕೊಂಡದ್ದೂ ಇದೇ ಗದ್ದೆಯನ್ನು; ಆಗ ಅದು ಈ ಕೆಲಸವನ್ನು ಮುಂದುವರಿಸುತ್ತದೆ, ನಾವಿನ್ನೂ ಕೆಲವು ವರ್ಷ ಇಲ್ಲೇ ಇರಬೇಕು. ಇಳಿಯದಿದ್ದರೆ ಕೆಲಸ ಮುಚ್ಚುತ್ತದೆ, ನಾವು ಮಂಗಳೂರಿಗೆ. ಒಂದೇ ಭರಣಿಯ ಮುಂದೆ ಅವರ ಪ್ರಾರ್ಥನೆಯೊಂದು, ನನ್ನದೊಂದು.

ಆ ವರ್ಷ ನಿಂಗಮ್ಮ ತರಗಿಗೆ ಬೆಂಕಿ ಸೋಕಿಸಲಿಲ್ಲ. ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬು ಬಿತ್ತಿ, ಹೂ ಬಿಡುವ ಮೊದಲೇ ಮಣ್ಣಿಗೆ ಮಗುಚಿದರು. ಕುಕ್ಕೆಯಲ್ಲಿ ಸಗಣಿ ಹೊತ್ತು ಹೊತ್ತು ಅವರ ನೆತ್ತಿಯ ಕೂದಲು ಸವೆದಿತ್ತು.

ಕೊನೆಯ ಪರೀಕ್ಷೆಯ ವಾರ ಇವರು ಮಳವಳ್ಳಿಯಲ್ಲಿದ್ದರು. ಮಣ್ಣನ್ನು ನಿಂಗಮ್ಮನೇ ತಂದುಕೊಟ್ಟರು. ಸ್ವಲ್ಪ ಹಸಿ ಹೆಚ್ಚು ಅನ್ನಿಸಿತು. ನಾಲೆಯಲ್ಲಿ ನೀರು ಬಿಟ್ಟಿರಬೇಕೆಂದುಕೊಂಡೆ. ಮರುದಿನ ಹನಿ ಬಿಡುತ್ತಿದ್ದಂತೆ ಆರನೆಯ ಗೆರೆಗೇ ಗುಲಾಬಿ ಮಾಯ. ಆರು! ನಿಂಗಮ್ಮ ನನ್ನ ಕೆನ್ನೆ ಹಿಡಿದು, ನೆಟಿಕೆ ಮುರಿದು, ಕೇರಿಯೆಲ್ಲ ಕೂಗಿಕೊಂಡು ಹೋದರು. ಚಿಕ್ಕಣ್ಣ ಎರಡು ದಿನ ಈ ಬೀದಿಗೇ ಬರಲಿಲ್ಲ. ನನ್ನ ಪಾಲಿಗೆ ಮಂಗಳೂರಿನ ಬಾಗಿಲು ಮುಚ್ಚಿತ್ತು. ಆದರೂ ಆ ದಿನ ಮುದ್ದೆ ಸಲೀಸಾಗಿ ಇಳಿಯಿತು.

ಮೂರನೆಯ ದಿನ ನನ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ನಿಂಗಮ್ಮ ತಾವಾಗಿಯೇ ಹೇಳಿದರು: “ಮಣ್ಣು ಮನೆ ದಾಟಿ ಓಯ್ತದೆ ಅಂದ್ರೆ ಬರಿಮಡ್ಲಲ್ಲಿ ಕಳಿಸ್ತೀವೇನವ್ವ? ಒಂದ್ ಬಟ್ಲು ಹಾಲ್ಗೆ ಒಂದಚ್ಚು ಬೆಲ್ಲ ಕಿವುಚಿ ಉಯ್ದೆ. ಎಣ್ ಮಗ್ಳಿಗೆ ಮಡ್ಲಕ್ಕಿ ಉಯ್ಯಾಕಿಲ್ವಾ, ಅಂಗೇಯ. ನಮ್ಮತ್ತೆ ಕಾಲ್ದಿಂದ್ಲೂ ಇಂಗೇ.”

ಸುಲಿಯುತ್ತಿದ್ದ ಕಾಯಿ ನನ್ನ ಕೈಯಲ್ಲೇ ಉಳಿಯಿತು. ಮಣ್ಣಿನಲ್ಲಿ ಅಳಿದುಳಿದ ಜೀವಿಗಳಿಗೆ ಹಾಲು, ಬೆಲ್ಲ ಸಿಕ್ಕಿದೆ. ಹಸಿದವರು ಹಬ್ಬದೂಟಕ್ಕೆ ಬಿದ್ದ ಹಾಗೆ ಒಂದು ದಿನ ತಿಂದು ಉಸಿರಾಡಿವೆ. ನಾನು ಅಳೆದದ್ದು ಗದ್ದೆಯ ಉಸಿರನ್ನಲ್ಲ, ಬೆಲ್ಲದ್ದನ್ನು.

ಎರಡು ದಿನ ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಅವರ ಮಣ್ಣು ಉಳಿಯುತ್ತದೆ. ಹೇಳಿದರೆ ನಾನು ಮನೆಗೆ ಹೋಗುತ್ತೇನೆ. ನಿಜ ಹೇಳುವುದರಲ್ಲೇ ನನ್ನ ಸ್ವಾರ್ಥ ಕೂತಿತ್ತು. ಯಾವುದಕ್ಕಾಗಿ ಹೇಳುತ್ತಿದ್ದೇನೆ ಎಂದು ನನಗೇ ಖಾತ್ರಿಯಿರಲಿಲ್ಲ. ಸುಳ್ಳು ಲೆಕ್ಕ ಇವರ ಕೈಬರಹದಲ್ಲಿ ಹೋಗುತ್ತದಲ್ಲ ಎಂಬ ಒಂದೇ ನೆಪ ಹಿಡಿದು ಹೇಳಿಬಿಟ್ಟೆ. ಮಳವಳ್ಳಿಯಿಂದ ಮರಳಿದ್ದ ಇವರು ತಾವೇ ಗದ್ದೆಗೆ ಹೋಗಿ ಮಣ್ಣು ತಂದರು.

ಮರುದಿನ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ನಾಲ್ವರು. ಕೊಳವೆಯ ತಿರುಪು ನನ್ನ ಬೆರಳಲ್ಲಿ. ಇವರು ಪಕ್ಕದಲ್ಲಿ ಪುಸ್ತಕ ಹಿಡಿದು. ಚಿಕ್ಕಣ್ಣ ಹೊಸ್ತಿಲ ಆಚೆ. ನಿಂಗಮ್ಮ ನನ್ನ ಬೆನ್ನಿಗೆ ಅಂಟಿ ನಿಂತಿದ್ದರು.

“ಹೋಯ್ತಾ?” ಎಂದರು ಇವರು, ಹತ್ತನೆಯ ಗೆರೆಯಲ್ಲಿ.

“ಇಲ್ಲ, ಇದೆ.”

ಹನ್ನೆರಡು. ಹದಿಮೂರು. ಗುಲಾಬಿ ತೆಳುವಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಹದಿನೈದರ ಹತ್ತಿರ ನಿಂಗಮ್ಮನ ಬಾಯಿ ನನ್ನ ಕಿವಿಗೆ ಬಂತು. “ವಸಿ ಕಣ್ಮುಚ್ಕಳವ್ವ. ನಿನಗೊಬ್ಳಿಗೇ ಅಲ್ವಾ ಕಾಣಾದು.”

ನಿಜ. ಬಿಳಿ ತಟ್ಟೆಯ ಮೇಲಿಟ್ಟ ಆ ಬಟ್ಟಲಿನ ಬಣ್ಣ ಇವರಿಗೆ ಕಾಣದು, ಹೊಸ್ತಿಲಾಚೆಯವನಿಗೆ ತಿಳಿಯದು. ಒಂದೇ ಒಂದು ಮಾತು ಸಾಕಿತ್ತು.

“ಹೋಯ್ತಾ?”

“ಇದೆ” ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

ಹದಿನೇಳಕ್ಕೆ ಹೋಯಿತು.

“ಎರಡು ಗೆರೆ ಇಳಿದಿದೆ ಚಿಕ್ಕಣ್ಣ. ಮಣ್ಣು ಎದ್ದೇಳುತ್ತಿದೆ. ಇನ್ನೊಂದು ವರ್ಷ ಕೊಡಪ್ಪ” ಎಂದು ಇವರು ಕೈಮುಗಿದರು.

“ಮಾತು ಅದಿನೈದು ಅಂತ ಅಲ್ವಾ ಸಾರ್? ಎಲ್ಡ್ ಗೆರೆ ಇಡ್ಕಂಡು ನಾನೇನು ರಂಗೋಲೆ ಬುಡ್ಲಾ? ಬಾ ಅತ್ಗೆ, ಓಗಣ.”

ನಿಂಗಮ್ಮ ಅಳಲಿಲ್ಲ. ಹೊಸ್ತಿಲಲ್ಲಿ ನಿಂತು, ಅಪರಿಚಿತರನ್ನು ನೋಡುವ ಹಾಗೆ ನನ್ನನ್ನು ನೋಡಿದರು. “ನೀವು ಓಯ್ತೀರ ಬುಡಿ, ನಿಮ್ಗೊಂದು ಊರದೆ. ಉಸ್ರು ಬಂದಿದ್ನ ಸಾಯ್ಸೋಕೆ ನನ್ ಕೈಲೇ ಹಾಲ್ ಉಯ್ಸ್ಬುಟ್ಟಲ್ಲಪ್ಪ ದ್ಯಾವ್ರೆ.” ಹಾಲಿನಿಂದ ಮಣ್ಣು ಸಾಯಲಿಲ್ಲ, ನಿಮ್ಮ ತಪ್ಪಲ್ಲ ಎಂದು ಕೂಗಿ ಹೇಳಿದೆ. ಅವರು ಆಗಲೇ ಬೀದಿಗಿಳಿದಿದ್ದರು.

ಸಂಸ್ಥೆಯ ಪತ್ರ ಬಂದಿದೆ. ಸಾಮಾನು ಅರ್ಧ ಕಟ್ಟಿದ್ದಾಗಿದೆ. ಅಮ್ಮ ದಿನಕ್ಕೆರಡು ಸಲ ಫೋನು ಮಾಡಿ, ಬಂಗುಡೆ ಮೀನು ತರಿಸಿಡಲೋ ಅಂಜಲ್ ತರಿಸಿಡಲೋ ಎಂದು ಕೇಳುತ್ತಾಳೆ. ವರ್ಷವಿಡೀ ನಾನು ಕಾದ ಪ್ರಶ್ನೆ. ಯಾವುದಾದರೂ ಸರಿ ಎಂದು ಫೋನಿಡುತ್ತೇನೆ.

ನಿನ್ನೆಯಿಂದ ಟ್ರ್ಯಾಕ್ಟರುಗಳು ನಮ್ಮ ಮನೆ ಮುಂದೆಯೇ ಓಡಾಡುತ್ತಿವೆ. ಇವತ್ತು ಬೆಳಿಗ್ಗೆ ಒಂದು, ಗೇಟಿನ ಮುಂದಿನ ಗುಂಡಿಗೆ ಚಕ್ರ ಇಳಿಸಿ, ಒಂದಿಷ್ಟು ಮಣ್ಣು ಚೆಲ್ಲಿ ಹೋಯಿತು. ಕಪ್ಪು ಹೆಂಟೆಗಳು, ನಡುವೆ ಅಪ್ಸೆಣಬಿನ ಬೇರು, ಸಣ್ಣದೊಂದು ಎರೆಹುಳು. ಗುಡಿಸಿ ಮೊರಕ್ಕೆ ತುಂಬಿಕೊಂಡೆ. ಹಿತ್ತಲಿಗೆ ಹಾಕೋಣವೆಂದರೆ ಭಾನುವಾರ ಬಿಡುವ ಮನೆ. ಗದ್ದೆಗೇ ಒಯ್ಯೋಣವೆಂದರೆ ಅಲ್ಲಿ ಈಗ ಹಳ್ಳ. ಮಂಗಳೂರಿಗೆ ಒಯ್ಯಲು ನನಗೆ ಮುಖವಿಲ್ಲ.

ಒಳಗೆ ಫೋನು ಬಡಿದುಕೊಳ್ಳುತ್ತಿತ್ತು, ಅಮ್ಮನೇ. ಎತ್ತಬೇಕಾದರೆ ಮೊರ ಕೆಳಗಿಡಬೇಕು. ಇಡಲಾಗದೆ ರಸ್ತೆಯಲ್ಲೇ ನಿಂತಿದ್ದೆ.